ಮಾಂಡೋವಿಯ ತಾರಿಯವರ ಚರಿತ್ರೆ: ಹುಡುಕಲು ಹೊರಟವರಿಗೆ ಕೆಲವು ಸೂಚನೆಗಳು

ಗೋವೆಯ ಪಣಜಿ, ಪರ್ವರಿ, ಮ್ಹಾಪಸಾ ಕಡೆ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಯಾರಿಗಾದರೂ ಊರಿನ ಚರಿತ್ರೆ ಬರೆಯುವ ಹುರುಪು ಬಂದರೆ ಅವರು ಚರ್ಚಿನಿಂದಲೋ ಕೋಟೆಯಿಂದಲೋ ಶುರುಮಾಡುತ್ತಾರೆ. ಅಲ್ಲಿ ಫಲಕವಿದೆ, ಕಲ್ಲಿನ ಮೇಲೆ ಇಸವಿಯಿದೆ, ಅರ್ಧ ಕೆಲಸ ಮುಗಿದ ಹಾಗೆ. ಮಾಂಡೋವಿ ನದಿಯನ್ನು ಜನರಿಗೆ ದಾಟಿಸಿಕೊಟ್ಟ ತಾರಿಯವರ, ಅಂದರೆ ಅಂಬಿಗರ, ಬಗ್ಗೆ ಬರೆಯಲು ಹೊರಟರೆ ಯಾವ ಫಲಕವೂ ಸಿಗುವುದಿಲ್ಲ. ಆದರೆ ಹುಡುಕುವ ದಾರಿ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪಣಜಿಯ ಎದುರು ದಂಡೆಯ ಬೇತಿಯಲ್ಲಿ ಬಾರ್ಜ್ ಮಾಲೀಕರೊಬ್ಬರ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಹುಟ್ಟಿದ್ದು ಅಂಕೋಲೆ ತಾಲೂಕಿನ ಗಂಗಾವಳಿ ದಂಡೆಯಲ್ಲಿ. ಹಾಗಾಗಿ ದೋಣಿಯೂ ಗೊತ್ತು, ವೋಚರೂ ಗೊತ್ತು. ಈ ವಿಷಯಕ್ಕೆ ಎರಡೂ ಬೇಕು. ಏಕೆಂದರೆ ಕಾಗದದಲ್ಲಿ ಸಿಗುವುದು ಕಡವಿನ, ಅಂದರೆ ದೋಣಿಯಲ್ಲಿ ನದಿ ದಾಟುವ ಜಾಗದ, ಹಕ್ಕು ಹಿಡಿದವನ ಹೆಸರು, ಸುಂಕ ಎತ್ತಿದವನ ಹೆಸರು. ದೋಣಿಗೆ ಹುಟ್ಟು ಹಾಕಿದವನು ದಂಡೆಯಲ್ಲಿ ಸಿಗುತ್ತಾನೆ, ಇಲ್ಲವೇ ಮುದುಕರ ಬಾಯಲ್ಲಿ. ಅಂಬಿಗರ ಚೌಡಯ್ಯನ ಹಾಗೆ ತನ್ನ ಮಾತನ್ನು ತಾನೇ ಆಡಿ, ಅದು ಎಂಟು ಶತಮಾನ ಉಳಿದುಬಂದ ಅಂಬಿಗರು ಎಷ್ಟು ಮಂದಿ? ಕಾಗದವನ್ನಷ್ಟೇ ನಂಬಿ ಬರೆದರೆ ನೀವು ಬರೆಯುವುದು ಗುತ್ತಿಗೆದಾರರ ಚರಿತ್ರೆಯಾಗುತ್ತದೆ.

ಮೊದಲ ಕೆಲಸ ಮನೆಯಲ್ಲೇ ಕುಳಿತು ಮಾಡುವಂಥದ್ದು. ಮೊಬೈಲಿನ ನಕ್ಷೆಯಲ್ಲಿ ಉಪಗ್ರಹ ಚಿತ್ರ ತೆರೆದು ಮಾಂಡೋವಿಯ ಎರಡೂ ದಂಡೆಗಳನ್ನು ನಿಧಾನವಾಗಿ ನೋಡುತ್ತ ಹೋಗಿ. ಒಂದು ರಸ್ತೆ ನೇರವಾಗಿ ನೀರಿಗೆ ಬಂದು ನಿಂತಿದೆ, ಎದುರು ದಂಡೆಯಲ್ಲಿ ಇನ್ನೊಂದು ರಸ್ತೆ ಹಾಗೆಯೇ ನೀರಿನಿಂದ ಎದ್ದು ಹೋಗಿದೆ ಎಂದರೆ ಅಲ್ಲಿ ಕಡವು ಇದೆ, ಇಲ್ಲವೇ ಇತ್ತು. ಭಾರತೀಯ ಸರ್ವೇಕ್ಷಣೆಯ ಭೂಪಟ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಫೆರಿ ಎಂದೇ ನಮೂದಿಸಿರುತ್ತಾರೆ. ಆ ಜಾಗದಲ್ಲಿ ಶಿಲುಬೆಯೋ ಸಣ್ಣ ಗುಡಿಯೋ ಒಂದು ಹಳೆಯ ಮರವೋ ಹೆಂಡದಂಗಡಿಯೋ ಇದ್ದರೆ ಗುರುತು ಹಾಕಿಕೊಳ್ಳಿ. ದೋಣಿಗೆ ಕಾಯುವವರು ಎಲ್ಲ ಕಾಲದಲ್ಲೂ ನೆರಳು, ದೇವರು ಮತ್ತು ಒಂದು ಲೋಟ ಏನಾದರೂ ಹುಡುಕಿದವರೇ. ಶಿವೊಲಿಯಲ್ಲಿ ಶಾಪೊರಾ ನದಿಯ ದಂಡೆಯ ಭಾಗವನ್ನು ಜನ ಇಂದಿಗೂ ತಾರ್, ಅಂದರೆ ಕಡವು, ಎನ್ನುತ್ತಾರೆ. ಅಲ್ಲಿಂದ ಆಚೆಯ ಚೋಪಡೆಗೆ ಸೇತುವೆಯಾಗಿ ಇಪ್ಪತ್ತು ವರ್ಷ ದಾಟಿತು.

ಎರಡನೆಯದು ಪಣಜಿಯ ಧಕ್ಕೆ, ಅಂದರೆ ದೋಣಿಕಟ್ಟೆ. ದಯಾನಂದ ಬಾಂದೋಡಕರ ಮಾರ್ಗದ ಬದಿಯಲ್ಲಿ, ಕ್ಯಾಸಿನೊಗಳ ಜಾಹೀರಾತುಗಳ ನಡುವೆ, ಬೇತಿಯ ಫೆರಿ ನಿಲ್ಲುವ ಕಾಂಕ್ರೀಟಿನ ಇಳಿಜಾರು ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲೇ ಆದಿಲಶಾಹನ ಅರಮನೆ, ನಮ್ಮ ವಿಜಾಪುರದವರದು. ಸಂಜೆಯ ಪ್ರವಾಸಿ ಕ್ರೂಸ್ ಹತ್ತಿ ಈ ಚರಿತ್ರೆ ಹುಡುಕಬೇಡಿ. ಅಲ್ಲಿ ಹಾಡು ಜೋರಾಗಿರುತ್ತದೆ, ಚುಕ್ಕಾಣಿ ಹಿಡಿದವನು ಕಾಣುವುದೇ ಇಲ್ಲ. ಸರಕಾರದ ಫೆರಿಯಲ್ಲಿ ನಡೆದು ಹೋಗುವವರಿಗೆ ಟಿಕೆಟ್ಟಿಲ್ಲ. ಬೇಕಾದಷ್ಟು ಸಲ ಆಚೆ ಈಚೆ ಹೋಗಿ ಬನ್ನಿ, ಯಾರೂ ಕೇಳುವುದಿಲ್ಲ. ಹೆಚ್ಚೆಂದರೆ ಮೂರನೆಯ ಸಲ ಫೆರಿಯ ಕೆಲಸಗಾರ ಖಲಾಸಿ ಒಮ್ಮೆ ನಿಮ್ಮ ಮುಖ ನೋಡಿಯಾನು. ಅದೇ ನಿಮಗೆ ಬೇಕಾದದ್ದು, ಮಾತಿಗೆ ದಾರಿಯಾಗುತ್ತದೆ.

ಹೋಗುವ ಹೊತ್ತನ್ನು ನೀರು ನೋಡಿ ಆರಿಸಿಕೊಳ್ಳಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು ಮುಕ್ಕಾಲು ಗಂಟೆಯ ಮೇಲೆ ಮುಂದಕ್ಕೆ ಸರಿಯುತ್ತವೆ. ಪೂರ್ತಿ ಇಳಿತದಲ್ಲಿ ಒಮ್ಮೆ ಹೋದರೆ ಇಳಿಜಾರಿನ ಕೆಳತುದಿ, ಪಾಚಿ ಹಿಡಿದ ಗೆರೆ, ಅದರಾಚೆಯ ಕೆಸರು ಕಾಣುತ್ತವೆ. ಧಕ್ಕೆ ಇಲ್ಲದ ಕಾಲದಲ್ಲಿ ಆ ಕೆಸರಿನಲ್ಲೇ ಇಳಿಯಬೇಕಿತ್ತು. ಸೀರೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಮಕ್ಕಳನ್ನು ತಾರಿಯವನ ಹೆಗಲ ಮೇಲೆ ಕೂರಿಸಿ ದಡ ಸೇರುತ್ತಿದ್ದ ಕಾಲ ಅದು. ನಮ್ಮ ಗಂಗಾವಳಿಯ ಮಂಜಗುಣಿ ಕಡವಿನಲ್ಲಿ ಇದನ್ನು ನಾನೇ ಕಂಡಿದ್ದೇನೆ.

ಆಮೇಲೆ ಫೆರಿಯ ಮೂತಿಯ ಮೇಲೆ ಕಣ್ಣಿಡಿ. ಬೇತಿ ಎದುರಿಗೇ ಕಾಣುತ್ತಿದ್ದರೂ ಫೆರಿ ನಡೆಸುವ ಸಾರಂಗ ನೇರವಾಗಿ ಅಲ್ಲಿಗೆ ಗುರಿಯಿಡುವುದಿಲ್ಲ. ಇಳಿತವಿದ್ದಾಗ ನೀರು ಸಮುದ್ರದ ಕಡೆ ಎಳೆಯುತ್ತದೆ. ಅವನು ಮೂತಿಯನ್ನು ಮೇಲುನದಿಯ ಕಡೆ, ಸೇತುವೆಗಳ ದಿಕ್ಕಿಗೆ ತಿರುಗಿಸಿ, ಓರೆಯಾಗಿ ಸಾಗಿ, ಸೆಳೆತವೇ ಫೆರಿಯನ್ನು ಇಳಿಜಾರಿನ ಮುಂದಕ್ಕೆ ತಂದು ನಿಲ್ಲಿಸುವಂತೆ ಮಾಡುತ್ತಾನೆ. ಉಬ್ಬರದಲ್ಲಿ ಇದೇ ಲೆಕ್ಕ ತಿರುವುಮುರುವು. ಮಳೆಗಾಲದಲ್ಲಿ ಘಟ್ಟದ ನೀರು ಕೆಂಪಾಗಿ ಬರುವಾಗ ಓರೆ ಇನ್ನೂ ಹೆಚ್ಚು. ತಳ ಚಪ್ಪಟೆಯಾದ ಕಬ್ಬಿಣದ ಫೆರಿಗೆ ಗಾಳಿಯೂ ಒಂದು ಕೈ ಕೊಡುತ್ತದೆ, ಅದನ್ನೂ ಕಳೆಯಬೇಕು. ದಡ ಮುಟ್ಟುವ ಹೊತ್ತಿಗೆ ಖಲಾಸಿ ಹಲಗೆಯ ಸರಪಳಿ ಬಿಡುವುದನ್ನು ನೋಡಿ: ಹಲಗೆ ಕಾಂಕ್ರೀಟಿಗೆ ಕೆರೆಯುವ ಸದ್ದು ಬರುವ ಮೊದಲೇ ಸ್ಕೂಟರುಗಳು ಗುರುಗುಟ್ಟುತ್ತಿರುತ್ತವೆ, ಅವನು ಒಂದು ಕೈಯನ್ನು ಹಿಂದಕ್ಕೆ ಚಾಚಿ ಎಲ್ಲರನ್ನೂ ತಡೆದಿರುತ್ತಾನೆ, ಮುಖ ಮಾತ್ರ ನೀರಿನ ಕಡೆ. ಇಂಜಿನ್ ಬಂದರೂ ನೀರಿನ ಲೆಕ್ಕ ಹುಟ್ಟಿನ ಕಾಲದ್ದೇ. ಒಂದೇ ಕಡವನ್ನು ಉಬ್ಬರದಲ್ಲಿ, ಇಳಿತದಲ್ಲಿ, ನೀರು ನಿಂತ ಹೊತ್ತಿನಲ್ಲಿ ದಾಟಿ, ಫೆರಿ ಸಾಗಿದ ಗೆರೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದೆ ಹಳೆಯ ತಾರಿಯವರ ಮಕ್ಕಳ ಜತೆ ಮಾತಾಡುವಾಗ ಆ ಚಿತ್ರ ತೋರಿಸಿದರೆ ಅವರು ನಿಮ್ಮ ಪೆನ್ನು ಕಿತ್ತುಕೊಂಡು ತಿದ್ದುತ್ತಾರೆ.

ಈಗ ಮಾತಿನ ಭಾಗ. ಇಲ್ಲೇ ಹೆಚ್ಚಿನವರು ಸೋಲುತ್ತಾರೆ.

ನನ್ನ ಅಕ್ಕನ ಮಗ, ಧಾರವಾಡದಲ್ಲಿ ಓದುವವನು, ರಜೆಗೆ ಬಂದಾಗ ಚೊಡಣ ದ್ವೀಪದ ಹಿರಿಯರೊಬ್ಬರ ಮನೆಗೆ ಅವನನ್ನು ಕರೆದುಕೊಂಡು ಹೋಗಿದ್ದೆ. ಅವರ ತಂದೆ ರಾಯಬಂದರ–ಚೊಡಣ ನಡುವೆ ದೋಣಿ ನಡೆಸಿದವರು. ಹುಡುಗ ಮೊಬೈಲನ್ನು ಅವರ ಮೂಗಿನ ಮುಂದಿಟ್ಟು, "ಆ ಕಾಲದ ಬದುಕು ಹೇಗಿತ್ತು?" ಎಂದು ಕೇಳಿದ. "ಬರೆಂ ಆಸ್‌ಲೆಂ" ಎಂದರು ಅವರು. ಚೆನ್ನಾಗಿತ್ತು, ಅಷ್ಟೇ. ಅಂಗಳದ ಕೋಳಿ ನೋಡುತ್ತ ಕುಳಿತರು.

ಸ್ವಲ್ಪ ಹೊತ್ತು ಬಿಟ್ಟು ನಾನು, "ರಾತ್ರಿ ದೋಣಿ ಎಲ್ಲಿ ಮಲಗುತ್ತಿತ್ತು, ಬಾಬ್?" ಎಂದೆ.

ಅವರು ಎದ್ದೇ ನಿಂತರು. ದೋಣಿಯನ್ನು ಎಲ್ಲಿ ಎಳೆದು ಹಾಕುತ್ತಿದ್ದರು, ಯಾವ ಕಾಂಡಕ್ಕೆ ಕಟ್ಟುತ್ತಿದ್ದರು, ಮಳೆಗಾಲದಲ್ಲಿ ಅದರ ಮೇಲೆ ಏನು ಹೊದಿಸುತ್ತಿದ್ದರು, ಆಚೆ ದಡದಲ್ಲಿ ಯಾರಾದರೂ ತೆಂಗಿನ ಗರಿಯ ಸೂಡಿ ಬೀಸಿದರೆ ತಂದೆ ಬೈಯುತ್ತಲೇ ಎದ್ದು ಹೋಗುತ್ತಿದ್ದುದು, ಎಲ್ಲವೂ ಬಂತು. ಹೆರಿಗೆಯ ಸೂಲಗಿತ್ತಿಯಿಂದ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಹೆಣಕ್ಕೂ ಕಾಸಿಲ್ಲ, ಹೆಣದ ಜತೆ ಹೋದವರು ಮರಳಿ ಬರುವಾಗ ಮಾತ್ರ ಕೊಡಬೇಕು. ಊರಿನವರು ದಿನಾ ಕೊಡುತ್ತಿರಲಿಲ್ಲ, ಕೊಯ್ಲಿನಲ್ಲಿ ಮನೆಗಿಷ್ಟು ಎಂದು ಭತ್ತ ಅಳೆದು ಹಾಕುತ್ತಿದ್ದರು. ಪರಊರಿನವರಿಗೆ ಮಾತ್ರ ನಗದು.

ಹುಡುಗ ನನ್ನತ್ತ ತಿರುಗಿ, "ಮಾವ, ಇದೆಲ್ಲ ನಾನು ಕೇಳಿದ್ದೇ ಅಲ್ಲವೆ?" ಎಂದ.

ಅಲ್ಲ. ಬದುಕು ಹೇಗಿತ್ತು ಎಂಬ ಪ್ರಶ್ನೆಗೆ ಮರ್ಯಾದಸ್ಥರು ಚೆನ್ನಾಗಿತ್ತು ಎಂದೇ ಹೇಳುತ್ತಾರೆ. ವಸ್ತುವನ್ನು ಹಿಡಿದು ಕೇಳಬೇಕು. ಹುಟ್ಟು ಯಾವ ಮರದ್ದು, ಯಾರು ಕೆತ್ತಿದರು? ದೋಣಿಗೆ ಎಣ್ಣೆ ಬಳಿಯುವುದು ಯಾವ ತಿಂಗಳಲ್ಲಿ? ಎಷ್ಟು ಮಂದಿ ಕುಳಿತರೆ ಅಂಚು ನೀರಿಗೆ ಎಷ್ಟು ಬೆರಳು ಉಳಿಯುತ್ತಿತ್ತು? ಎಮ್ಮೆಯನ್ನು ಹತ್ತಿಸುತ್ತಿದ್ದರೋ, ಹಿಂದೆ ಈಜಿಸುತ್ತಿದ್ದರೋ? ಮದುವೆಯ ದಿಬ್ಬಣ ಬಂದರೆ ಮೊದಲು ಯಾರು ಹತ್ತಬೇಕು? ಯಾರ ಸರದಿ, ಯಾರ ವಾರ? ಅಣ್ಣತಮ್ಮಂದಿರು ಪಾಲಾದಾಗ ಕಡವು ಯಾರಿಗೆ ಹೋಯಿತು? ಈ ಕೊನೆಯ ಪ್ರಶ್ನೆಗೆ ಕೆಲವರು ಸಿಟ್ಟಾಗುತ್ತಾರೆ. ಸಿಟ್ಟಾದರೆ ಅಲ್ಲಿ ಏನೋ ಇದೆ ಎಂದು ತಿಳಿದು, ಚಹಾ ಕುಡಿದು, ಇನ್ನೊಂದು ದಿನ ಹೋಗಿ. ಮನೆಯ ಹೆಂಗಸರ ಮಾತನ್ನೂ ತಪ್ಪದೆ ಕೇಳಿ. ಗಂಡಸರು ನದಿಯ ಬಗ್ಗೆ ಹೇಳುತ್ತಾರೆ. ಭತ್ತ ಎಷ್ಟು ಬಂತು, ಯಾರು ಬಾಕಿ ಉಳಿಸಿಕೊಂಡರು ಎಂಬುದು ಒಳಮನೆಯಲ್ಲಿ ನೆನಪಿರುತ್ತದೆ.

ಮಾತು ಬೆಳೆಯುವಾಗ ಕಸುಬುಗಳನ್ನು ಕಲಸಿಕೊಳ್ಳಬೇಡಿ. ನದಿಯ ಮೇಲೆ ದೋಣಿ ಇದ್ದವರೆಲ್ಲ ತಾರಿಯವರಲ್ಲ. ಮೀನು ಹಿಡಿದವರು, ಮರಳು ತೆಗೆದವರು, ಪತ್ತೆಮಾರಿಯಲ್ಲಿ ಕಡಲು ಯಾನ ಮಾಡಿದವರು, ಅದಿರಿನ ಬಾರ್ಜಿಗೆ ಹೋದವರು, ಎಲ್ಲರೂ ಒಂದೇ ಮನೆಯಲ್ಲಿ ಇರಬಹುದು. 1950ರ ದಶಕದಿಂದ ಕಬ್ಬಿಣದ ಅದಿರು ಮಾಂಡೋವಿಯಲ್ಲಿ ಇಳಿದು ಮುರಗಾಂವ್ ಬಂದರಿಗೆ ಹೋಗತೊಡಗಿದ ಮೇಲೆ, ತಿಂಗಳ ಸಂಬಳಕ್ಕೆ ಬಾರ್ಜ್ ಸೇರಿದವರಲ್ಲಿ ತಾರಿಯವರ ಮಕ್ಕಳೂ ಇದ್ದರು. ನಮ್ಮ ಕಚೇರಿಯ ಸಂಬಳದ ಪುಸ್ತಕಕ್ಕೆ ಸಹಿ ಹಾಕಿದವರಲ್ಲೂ ಇದ್ದರು. ಸಣ್ಣ ದೋಣಿಗೆ ಬಾರ್ಜಿನ ಅಲೆಯೇ ಶತ್ರು, ಮಗನಿಗೆ ಅದೇ ಬಾರ್ಜಿನಲ್ಲಿ ಅನ್ನ. ತಾರಿ ಎಂಬ ಅಡ್ಡಹೆಸರು ಗೋವೆಯಲ್ಲೂ ಕಾರವಾರದ ಕಡೆಯೂ ಇದೆ. ಆ ಹೆಸರಿದ್ದ ಮಾತ್ರಕ್ಕೆ ಅಜ್ಜ ಕಡವು ನಡೆಸಿದ್ದ ಎಂದು ಬರೆದುಬಿಡಬೇಡಿ.

ಇನ್ನೊಂದು ಮಾತು ನಮ್ಮವರಿಗೆಂದೇ. ಘಟ್ಟದ ಮೇಲಿನಿಂದ ಬಂದವರನ್ನು ಇಲ್ಲಿ ಕೆಲವರು ಘಾಟಿ ಎಂದು ಕರೆಯುವುದು ನಿಮಗೆ ಗೊತ್ತೇ ಇದೆ. ಅದಕ್ಕೆ ಕೆರಳಬೇಡಿ, ಮುರುಕು ಕೊಂಕಣಿಯಲ್ಲಾದರೂ ಮಾತು ಶುರುಮಾಡಿ; ಹೆಸರಿನ ಹಿಂದೆ ಮುಂದೆ ಬಾಬ್, ಬಾಯ್ ಸೇರಿಸಿ. ಸಾರಂಗ, ತಾಂಡೇಲ, ಖಲಾಸಿ, ಲಂಗರು ಎಂಬ ಮಾತುಗಳು ಕಾರವಾರದಿಂದ ಪಣಜಿಯವರೆಗೆ ಒಂದೇ. ಕರಾವಳಿಯವರಿಗೆ ಅಲ್ಲಿ ಅರ್ಧ ಭಾಷೆ ಆಗಲೇ ಬರುತ್ತದೆ. ಆದರೆ ಎಂಥದೇ ಸಲುಗೆ ಬೆಳೆದರೂ ಮಹದಾಯಿ ಯೋಜನೆಯ ಮಾತೆತ್ತಬೇಡಿ. ಈ ಮಾಂಡೋವಿ ಹುಟ್ಟುವುದು ನಮ್ಮ ಖಾನಾಪುರದ ಕಾಡಿನಲ್ಲಿ ಎಂಬುದು ಎರಡೂ ಕಡೆಯವರಿಗೆ ಚೆನ್ನಾಗಿ ಗೊತ್ತು. ಅಲ್ಲಿಂದ ಮುಂದಿನದು ನ್ಯಾಯಮಂಡಳಿಯ ವಿಷಯ. ಫೆರಿ ದಡ ಮುಟ್ಟುವುದರೊಳಗೆ ಮುಗಿಯುವಂಥದ್ದಲ್ಲ.

ನೆನಪಿಗೆ ಇಸವಿ ಹಾಕುವುದು ಹೇಗೆ? ಹಿರಿಯರು ಇಸವಿ ಹೇಳುವುದಿಲ್ಲ, ಹೇಳಿದರೂ ನಂಬಬಾರದು. ಎಲ್ಲರಿಗೂ ನೆನಪಿರುವ ಘಟನೆಗಳನ್ನು ಗೂಟದಂತೆ ನೆಟ್ಟುಕೊಂಡು, ಅದಕ್ಕೆ ಮೊದಲೋ ಆಮೇಲೋ ಎಂದು ಕೇಳಿ. ಮಾಂಡೋವಿಗೆ ಇಂಥ ಗೂಟಗಳು ಚೆನ್ನಾಗಿಯೇ ಇವೆ. 1961ರ ಡಿಸೆಂಬರ್ 18ರ ಸಂಜೆ ಭಾರತೀಯ ಸೇನೆ ಬೇತಿಗೆ ಬಂದು ನಿಂತಿತು, 19ರ ಬೆಳಿಗ್ಗೆ ಸಿಖ್ ಲಘು ಪದಾತಿ ದಳದ ಎರಡು ತುಕಡಿಗಳು ನದಿ ದಾಟಿ ಪಣಜಿ ಹಿಡಿದವು. ರಾಜಧಾನಿಯ ಮುಂದೆ ಆಗ ಸೇತುವೆಯೇ ಇರಲಿಲ್ಲ ಎಂಬುದನ್ನು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಪೋರ್ಚುಗೀಸರ ಕೊನೆಗಾಲದಲ್ಲಿ ಗ್ಯಾಸೊಲೀನ್ ಎಂದು ಜನ ಕರೆಯುತ್ತಿದ್ದ ಮೋಟಾರು ಲಾಂಚುಗಳು ಬಂದಿದ್ದವು. ಹುಟ್ಟಿನ ದೋಣಿಯಿಂದ ಅದಕ್ಕೆ ಬದಲಾದದ್ದು ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದು ಕೇಳಬೇಕಾದ ಪ್ರಶ್ನೆ. 1970ರ ಸುಮಾರಿಗೆ ಮೊದಲ ಮಾಂಡೋವಿ ಸೇತುವೆ ಆಯಿತು. 1986ರ ಜುಲೈ 5ರಂದು ಅದು ಕುಸಿಯಿತು.

ಆ ಮಳೆಗಾಲ ನಾನು ಬೇತಿಯಲ್ಲಿದ್ದೆ. ಕಚೇರಿಯ ಹಾಜರಿ ಪುಸ್ತಕದಲ್ಲಿ ತಡವಾಗಿ ಬಂದವರು ಕಾರಣ ಬರೆಯುವ ಒಂದು ಅಂಕಣವಿತ್ತು. ಜುಲೈ 5ರ ನಂತರದ ಹಾಳೆಗಳಲ್ಲಿ ಮೊದಲ ಸಾಲಿನವರು ಫೆರಿ ಎಂದು ಬರೆದಿದ್ದಾರೆ, ಕೆಳಗಿನವರು ಅದಕ್ಕೇ ಎರಡು ಗೀಟು ಹಾಕಿದ್ದಾರೆ; ಹಾಳೆಯ ಬುಡದವರೆಗೂ ಗೀಟುಗಳೇ. ಕೊನೆಗೆ ಆ ಅಂಕಣ ತುಂಬುವುದನ್ನೇ ಬಿಟ್ಟರು. ಇಳಿಜಾರಿನಿಂದ ರಸ್ತೆಯವರೆಗೆ ಕೊಡೆಗಳ ಸಾಲು, ಹಾಲಿನ ಕ್ಯಾನು, ಶಾಲೆಯ ಚೀಲ, ಆಸ್ಪತ್ರೆಗೆ ಹೊರಟವರು, ಎಲ್ಲರೂ ಒಂದೇ ಹಲಗೆಯ ಮೇಲೆ. ಸೇತುವೆ ಬಂದಾಗ ಫೆರಿಯ ಕಾಲ ಮುಗಿಯಿತು ಎಂದು ಮಾತಾಡಿದ್ದವರೇ ಸಾರಂಗನ ಕೈಹಿಡಿದು ಹತ್ತುತ್ತಿದ್ದರು. ಹೊಸ ಸೇತುವೆ 1992ರಲ್ಲಿ ಆಯಿತು, ಅದರ ಜತೆಯ ಇನ್ನೊಂದು 1998ರಲ್ಲಿ, ಮೇಲಿನ ಅಟಲ್ ಸೇತು 2019ರ ಜನವರಿಯಲ್ಲಿ. ಮೂರು ಸೇತುವೆಗಳಿದ್ದರೂ ಬೇತಿಯ ಫೆರಿ ಇದೆ. ನಿಮ್ಮ ಪರಿಚಯದ ಯಾವುದೇ ಅಂಗಡಿ, ಶಾಲೆ, ಕಚೇರಿಯಲ್ಲಿ 1986ರ ಹಾಜರಿ ಪುಸ್ತಕ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕುವ ಮೊದಲು ಒಮ್ಮೆ ತೆರೆದು ನೋಡಿ.

ಝುವಾರಿ ನದಿಗೆ ಬೇರೆ ಗೂಟಗಳು: ಆಗಶಿ–ಕುಠ್ಠಾಳಿ ನಡುವಿನ ಸೇತುವೆ 1983ರದು. ಮಾಂಡೋವಿಯ ನೆನಪಿಗೆ ಅದನ್ನು ಬೆರೆಸಬೇಡಿ.

ಕಾಗದಗಳಿಗೆ ಬರೋಣ. ಗೋವೆಯ ಪತ್ರಾಗಾರ 1595ರಷ್ಟು ಹಳೆಯದು, ದಿಯೋಗು ದು ಕೌಟು ಅದರ ಮೊದಲ ಪಾಲಕ. ಪಣಜಿಯ ಪಾಟ್ಟೊದಲ್ಲಿರುವ ಕೃಷ್ಣದಾಸ ಶಾಮಾ ಕೇಂದ್ರ ಗ್ರಂಥಾಲಯದ ಮೂಲ 1832ರದು. ಪೋರ್ಚುಗೀಸ್ ಸರಕಾರದ ಗೆಜೆಟ್ 1837ರಿಂದ ಅಚ್ಚಾಗಿದೆ, ಎರಾಲ್ದು ಪತ್ರಿಕೆ 1900ರಿಂದ. ಇವೆಲ್ಲ ಪೋರ್ಚುಗೀಸಿನಲ್ಲಿವೆ ಎಂದು ಹೆದರಬೇಡಿ. ಹುಡುಕುವವನಿಗೆ ಕೈಬೆರಳಿನಷ್ಟು ಪದ ಸಾಕು: ಬಾರ್ಕೆಯ್ರು ಎಂದರೆ ದೋಣಿಯವನು, ಪಸಾಜೆಂ ಎಂದರೆ ಕಡವು, ಅರ್ರೆಮಾತಸಾಂವ್ ಎಂದರೆ ಹರಾಜು, ರೆಂದ ಎಂದರೆ ಗುತ್ತಿಗೆಯ ಆದಾಯ. ಪುಟ ತಿರುವುತ್ತ ಈ ಪದಗಳು ಕಂಡಲ್ಲಿ ಗುರುತು ಹಾಕಿ, ಆಮೇಲೆ ಪೋರ್ಚುಗೀಸ್ ಶಾಲೆಯಲ್ಲಿ ಓದಿದ ಹಿರಿಯರನ್ನು ಹುಡುಕಿ ಓದಿಸಿಕೊಳ್ಳಿ. ಪಣಜಿಯಲ್ಲಿ ಅಂಥವರು ಇನ್ನೂ ಇದ್ದಾರೆ, ಓದಿ ಹೇಳುವುದೆಂದರೆ ಅವರಿಗೂ ಖುಷಿ. ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಮಾತ್ರ ಬಾಗಿಲು ತಟ್ಟಬೇಡಿ.

ಹಣದ ಲೆಕ್ಕ ಸರಿಯಾಗಿ ಮಾಡಿ. 1958ಕ್ಕೆ ಮೊದಲಿನ ಕಾಗದದಲ್ಲಿ ರುಪಿಯ, ತಾಂಗ, ರೈಸ್ ಇರುತ್ತವೆ: ಒಂದು ರುಪಿಯಕ್ಕೆ 16 ತಾಂಗ, ಒಂದು ತಾಂಗಕ್ಕೆ 60 ರೈಸ್. ಆ ವರ್ಷ ಬಂದ ಎಸ್ಕುದು ನಾಣ್ಯದಲ್ಲಿ ಒಂದು ರುಪಿಯಕ್ಕೆ ಆರು. ಮುದುಕರು ದೋಣಿಗೆ ಅರ್ಧ ತಾಂಗ ಎಂದರೆ ಅದು ಈಗಿನ ಎಷ್ಟು ಹಣ ಎಂದು ಊಹಿಸದೆ ಹಾಗೆಯೇ ಬರೆದುಕೊಳ್ಳಿ, ಪಕ್ಕದಲ್ಲಿ ಆಗಿನ ಅಕ್ಕಿಯ ಬೆಲೆ ಕೇಳಿ ಬರೆಯಿರಿ. ಅಕ್ಕಿಗೆ ಹೋಲಿಸದ ಬಾಡಿಗೆಗೆ ಅರ್ಥವಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಚಿತ್ರ ಬೇರೆಯೇ ಆಗುತ್ತದೆ. 1510ರಲ್ಲಿ ಪೋರ್ಚುಗೀಸರ ಆಲ್ಬುಕೆರ್ಕ್ ಹಳೆ ಗೋವೆಯನ್ನು ಆದಿಲಶಾಹಿಯಿಂದ ಕಿತ್ತುಕೊಂಡ ಮೇಲೆ ತಿಸವಾಡಿ ದ್ವೀಪದ ಸುತ್ತಲಿನ ಕಡವುಗಳಿಗೆ ಕಾವಲು ಬಿತ್ತು. ಪಾಸು ಎಂದು ಕರೆಯುತ್ತಿದ್ದ ಇಂಥ ಕಾವಲಿನ ದಾಟುಗಳು ಬಾಣಸ್ತಾರಿಯಲ್ಲಿ, ನಾರ್ವೆಯಲ್ಲಿ, ದೌಜಿಯಲ್ಲಿ ಇದ್ದವು. 1583ರಿಂದ 1588ರವರೆಗೆ ಗೋವೆಯ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ ಡಚ್ಚ ಲಿನ್ಸ್‌ಕೋಟನ್ ಇದನ್ನು ಕಂಡು ಬರೆದಿದ್ದಾನೆ: ಗೋವೆಯೊಳಗೆ ನೆಲೆಸಿದ್ದ ದಖ್ಖನಿನವರು, ಮುಸಲ್ಮಾನರು, ಹಿಂದೂಗಳು ದವಸಧಾನ್ಯ ತರಲು ಆಚೆ ದಡಕ್ಕೆ ಹೋಗಬೇಕಾದರೆ ಬರಿತೋಳಿನ ಮೇಲೆ ಮುದ್ರೆ ಒತ್ತಿಸಿಕೊಳ್ಳಬೇಕು, ಮರಳುವಾಗ ಅದನ್ನು ತೋರಿಸಬೇಕು, ಎರಡು ಬಸರೂಕು ನಾಣ್ಯ ತೆರಬೇಕು. ಆ ಹಣ ಕಾವಲಿನ ಕಪ್ತಾನನಿಗೂ ಗುಮಾಸ್ತನಿಗೂ. ದೋಣಿ ನಡೆಸಿದವನಿಗೆ ಏನು ಸಿಕ್ಕಿತು? ಅವನ ವಿಷಯವೇ ಅಲ್ಲಿ ಇಲ್ಲ. ದಖ್ಖನಿನವರು ಎಂದರೆ ನಮ್ಮ ವಿಜಾಪುರ, ಬೆಳಗಾವಿ ಕಡೆಯವರೂ ಸೇರಿದ್ದಿರಬೇಕು. ತೋಳಿನ ಮೇಲಿನ ಆ ಶಾಯಿ ನಮ್ಮವರಿಗೂ ಹೊಸದಲ್ಲ.

ನಮ್ಮ ಕಡೆಯ ಪದ್ಧತಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಗುತ್ತಿಗೆಯ ಗುಟ್ಟು ಬೇಗ ತಿಳಿಯುತ್ತದೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1868ರಲ್ಲಿ ಮುಂಬಯಿ ಸರಕಾರ ಫೆರಿಗಳಿಗೆಂದೇ ಕಾಯಿದೆ ಮಾಡಿತು. ಅಲ್ಲಿಂದ ಕಡವಿನ ಹಕ್ಕು ಹರಾಜಿನ ವಸ್ತು. ಕೂಗಿ ಹಿಡಿದವನು ಹಣ ಕಟ್ಟುತ್ತಾನೆ, ದೋಣಿಯವರನ್ನು ಕೂಲಿಗೆ ಇಡುತ್ತಾನೆ. ದಫ್ತರದಲ್ಲಿ ಅವನ ಹೆಸರು, ಅವನ ಜಾಮೀನು, ಅವನ ಬಾಕಿ. ಅಂಬಿಗನ ಹೆಸರು ದಫ್ತರಕ್ಕೆ ಬರಬೇಕಾದರೆ ದೋಣಿ ಮುಳುಗಬೇಕು, ಇಲ್ಲವೇ ಅವನು ಹೊಡೆದಾಡಬೇಕು. ಅದಕ್ಕೇ ಅಪಘಾತದ ವರದಿ ಮತ್ತು ಪೊಲೀಸ್ ಕಡತ ಇವೆರಡನ್ನು ಗುತ್ತಿಗೆಯ ಕಡತಕ್ಕಿಂತ ಮೊದಲು ಕೇಳಿ. ಅಲ್ಲಿ ಅವನಿಗೆ ಹೆಸರಿದೆ, ವಯಸ್ಸಿದೆ, ತಂದೆಯ ಹೆಸರಿದೆ, ಕೆಲವು ಸಲ ಅವನದೇ ಮಾತು ಕೂಡ ಇದೆ.

ಕಾಗದ, ಮಾತು ಎರಡೂ ಸ್ವಲ್ಪ ಕೂಡಿದ ಮೇಲೆ ಒಂದು ದಿನ ಹೀಗೆ ಹೋಗಿ ಬನ್ನಿ. ಪಣಜಿಯಿಂದ ರಾಯಬಂದರಕ್ಕೆ ಹೋಗುವ ರಸ್ತೆ 1633–34ರಲ್ಲಿ ವೈಸರಾಯ್ ಕೌಂಟ್ ಆಫ್ ಲಿನ್ಯಾರಿಸ್ ಕಟ್ಟಿಸಿದ ಸುಮಾರು ಮೂರು ಕಿಲೋಮೀಟರಿನ ಸೇತುದಾರಿ. ಒಂದು ಕಟ್ಟೆ ಎಷ್ಟು ದೋಣಿಗಳನ್ನು ದಡಕ್ಕೆ ಹಾಕುತ್ತದೆ ಎಂಬುದಕ್ಕೆ ಇದು ಮಾಂಡೋವಿಯ ಮೊದಲ ಪಾಠ. ರಾಯಬಂದರದಿಂದ ಚೊಡಣಕ್ಕೆ ದಾಟಿದರೆ ಸಲೀಂ ಅಲಿ ಪಕ್ಷಿಧಾಮದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಬುಡದಲ್ಲೇ ಸಿಗುತ್ತದೆ. ಹೊತ್ತಿದ್ದರೆ ನೋಡಿ, ಇಲ್ಲದಿದ್ದರೆ ಮುಂದೆ ಸಾಗಿ.

ಹಳೆ ಗೋವೆಯಲ್ಲಿ ವೈಸರಾಯ್ ಕಮಾನಿನಡಿ ನಡೆದು ನದಿಗೆ ಇಳಿಯಿರಿ. ವಾಸ್ಕೊ ಡ ಗಾಮನ ಮರಿಮಗ ಫ್ರಾನ್ಸಿಸ್ಕು ಡ ಗಾಮ 1599ರಲ್ಲಿ ಕಟ್ಟಿಸಿದ್ದು ಅದು. ಹೊಸ ವೈಸರಾಯರು ಇಲ್ಲಿ ಇಳಿದು ಈ ಕಮಾನಿನಡಿ ಊರಿಗೆ ಬರುತ್ತಿದ್ದರು. ಅಂದು ಜನ ತುಂಬಿ ತುಳುಕಿದ ಈ ಧಕ್ಕೆ ರೋಗರುಜಿನಕ್ಕೆ ಖಾಲಿಯಾಗುತ್ತ ಬಂತು. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು, ದಾಟುವವರ ಗುಂಪು ನದಿಯ ಕೆಳಗೆ ಸರಿಯಿತು. ದಿವಾಡಿ ದ್ವೀಪದ ಫೆರಿ ಮಾತ್ರ ಕಮಾನಿನ ಮುಂದಿನ ನೀರಿನಿಂದಲೇ ಹೊರಡುತ್ತದೆ. ದಿವಾಡಿಯನ್ನು ಅಡ್ಡ ಹಾಯ್ದು ಆಚೆ ತುದಿಗೆ ಹೋದರೆ ನಾರ್ವೆಯ ಫೆರಿ. ಗೋವೆಯ ಕದಂಬರ ಕುಲದೇವರಾದ ಸಪ್ತಕೋಟೇಶ್ವರ ಮೊದಲು ಇದ್ದದ್ದು ದಿವಾಡಿಯಲ್ಲಿ. ಹದಿನಾರನೆಯ ಶತಮಾನದಲ್ಲಿ ಗುಡಿ ಕೆಡವಿದಾಗ ಲಿಂಗವನ್ನು ನದಿ ದಾಟಿಸಿ ಆಚೆಯ ನಾರ್ವೆಗೆ ಒಯ್ದರು. ಈಗಿನ ಗುಡಿಯನ್ನು 1668ರಲ್ಲಿ ಶಿವಾಜಿ ಕಟ್ಟಿಸಿದ. ಮಂಗೇಶಿಯೂ ಹಾಗೆಯೇ ಕುಠ್ಠಾಳಿಯಿಂದ ಝುವಾರಿ ದಾಟಿ ಪ್ರಿಯೋಳಕ್ಕೆ ಹೋದ ದೇವರು. ಕುಲದೇವರ ದರ್ಶನಕ್ಕೆ ಕುಮಟೆ, ಹೊನ್ನಾವರಗಳಿಂದ ಬರುವ ನಮ್ಮವರಿಗೆ ಗುಡಿ ಕಟ್ಟಿಸಿದವರ ಹೆಸರು ಬಾಯಿಪಾಠ. ಲಿಂಗ ಹೊತ್ತ ದೋಣಿಗೆ ಹುಟ್ಟು ಹಾಕಿದವನು ಯಾರು ಎಂದು ಒಮ್ಮೆ ಗುಡಿಯಲ್ಲಿ ಕೇಳಿ ನೋಡಿ. ಉತ್ತರ ಬಾರದಿರಬಹುದು, ಆದರೆ ಆ ಪ್ರಶ್ನೆಗೆ ಪಕ್ಕದಲ್ಲಿ ಹೂ ಕಟ್ಟುತ್ತಿರುವ ಮುದುಕಿ ತಲೆಯೆತ್ತುವುದುಂಟು, ಆಮೇಲೆ ಊರಿನ ದೋಣಿಮನೆ ಯಾವುದು ಎಂಬುದಾದರೂ ತಿಳಿಯುತ್ತದೆ.

ಮೋಟಾರಿಲ್ಲದ ಕಾಲದಲ್ಲಿ ಗಾಡಿ, ಪಲ್ಲಕ್ಕಿಗಳನ್ನು ಹೇಗೆ ದಾಟಿಸಿದರು ಎಂದು ಕಣ್ಣಿಂದ ನೋಡಬೇಕೆಂದರೆ ಸಾಂಗೊಡ ನೋಡಿ. ಎರಡು ದೋಣಿಗಳನ್ನು ಅಕ್ಕಪಕ್ಕ ಬಿಗಿದು ಮೇಲೆ ಹಲಗೆ ಹಾಸಿದ ತೇಲುವ ಜಗಲಿ ಅದು. ಶಿವೊಲಿಯಲ್ಲಿ ಜೂನ್ 29ರ ಸಂತ ಪೇತ್ರರ ಹಬ್ಬಕ್ಕೆ, ಕುಂಭಾರಜುವೆಯಲ್ಲಿ ಗಣಪತಿ ಬಿಡುವಾಗ ಕಟ್ಟುತ್ತಾರೆ. ಹಬ್ಬದ ದಿನಕ್ಕಿಂತ ಹಿಂದಿನ ದಿನ ಹೋಗುವುದು ಮೇಲು. ಹಗ್ಗ ಯಾವ ಗಂಟಿನಲ್ಲಿ ಬಿಗಿಯುತ್ತಾರೆ, ಭಾರ ನಡುವೆ ಬರುವಂತೆ ಹಲಗೆ ಹೇಗೆ ಜೋಡಿಸುತ್ತಾರೆ ಎಂಬುದು ಆಗಲೇ ಕಾಣುವುದು.

ಬರೆದಿಡುವಾಗ ಮೂರು ಬಣ್ಣದ ಪೆನ್ನು ಬಳಸುವುದು ನನ್ನ ರೂಢಿ: ಕಾಗದದಲ್ಲಿ ಕಂಡದ್ದು ಕಪ್ಪು, ಜನ ಹೇಳಿದ್ದು ನೀಲಿ, ನನ್ನ ಊಹೆ ಕೆಂಪು. ಕೆಂಪು ಹೆಚ್ಚಾದರೆ ಮತ್ತೆ ಕಡವಿಗೆ ಹೋಗಬೇಕು ಎಂದರ್ಥ. ಹೇಳಿದವರ ಹೆಸರು ಹಾಕುವ ಮೊದಲು ಅವರನ್ನೂ ಮಕ್ಕಳನ್ನೂ ಕೇಳಿ. ಕಡವಿನ ಪಾಲಿನ ಜಗಳ ಕೋರ್ಟಿನಲ್ಲಿದ್ದರೆ ಹೆಸರು ಬಿಟ್ಟುಬಿಡಿ. ಧ್ವನಿಮುದ್ರಣದ ಒಂದು ಪ್ರತಿಯನ್ನು ಆ ಮನೆಗೆ ಕೊಟ್ಟು ಬನ್ನಿ. ಫೆರಿಯ ಇಂಜಿನ್ ಕೋಣೆ, ಸಾರಂಗನ ಕೋಣೆಗಳ ಚಿತ್ರ ತೆಗೆಯಬೇಕಾದರೆ ಅವರ ಅನುಮತಿ ಕೇಳಿಯೇ ತೆಗೆಯಿರಿ, ದಡ ಮುಟ್ಟುವ ಹೊತ್ತಿನಲ್ಲಿ ಮಾತ್ರ ಮಾತಾಡಿಸಬೇಡಿ.

ದಿವಾಡಿ–ನಾರ್ವೆ ದಾರಿ ಹಿಡಿಯುವವರು ಹೋಗುವಾಗಲೇ ಖಲಾಸಿಯಿಂದ ಕೊನೆಯ ಫೆರಿಯ ಹೊತ್ತು ತಿಳಿದುಕೊಳ್ಳಿ. ನಾರ್ವೆಯಲ್ಲಿ ಉಳಿದರೆ ಡಿಚೋಲಿಯ ಮೇಲೆ ರಸ್ತೆಯಲ್ಲಿ ಸುತ್ತಿ ಪಣಜಿಗೆ ಬರಬಹುದು. ದಿವಾಡಿಯಲ್ಲಿ ಉಳಿದರೆ ಸೇತುವೆಯಿಲ್ಲ. ಯಾರದಾದರೂ ಜಗಲಿಯಲ್ಲಿ ಮಲಗಬೇಕಾಗುತ್ತದೆ. ಆ ಮನೆಯಲ್ಲಿ ಹಿರಿಯರಿದ್ದರೆ ದೋಣಿ ರಾತ್ರಿ ಎಲ್ಲಿ ಮಲಗುತ್ತಿತ್ತು ಎಂದು ಕೇಳುವುದನ್ನು ಮರೆಯಬೇಡಿ.